ಹಿಮದ ಮೇಲೆ ಹೆಜ್ಜೆ, ಎರೆಯ ಮೇಲೆ ಹೆಜ್ಜೆ

ಎಳ್ಳಮಾವಾಸ್ಯೆಯಂದು ಕಲಬುರಗಿ ಸೀಮೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಆಳಂದ ತಾಲ್ಲೂಕಿನ ಜಿಡಗಾ ಗ್ರಾಮವೂ ಇದಕ್ಕೆ ಹೊರತಲ್ಲ. ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬುಗಳ ಬುತ್ತಿ ಕಟ್ಟಿಕೊಂಡು, ಬೆಳಗಿನ ಚಳಿಗೆ ಮೈತುಂಬ ಹೊದ್ದು, ಬಿಳಿಜೋಳದ ಹೊಲಗಳ ನಡುವೆ ಸಾಗಿ ಭೂಮಿತಾಯಿಗೆ ಚರಗ ಚೆಲ್ಲಿ ಬರುವ ಹಬ್ಬ ಅದು. ಹಿರಿಯರು ಪೂಜೆಯ ಸಿದ್ಧತೆಯಲ್ಲಿ ತೊಡಗಿರುವಾಗ ಮಕ್ಕಳ ಕಣ್ಣು ಮಾತ್ರ ನೆಲದ ಮೇಲೆಯೇ ಇರುತ್ತದೆ. ಹಳ್ಳದ ದಂಡೆಯ ಹಸಿ ಎರೆಮಣ್ಣಿನಲ್ಲಿ, ಇಬ್ಬನಿಗೆ ನೆನೆದ ಬಂಡಿದಾರಿಯ ಹುಡಿಯಲ್ಲಿ ರಾತ್ರಿ ಯಾವುದೋ ಪ್ರಾಣಿ ನಡೆದುಹೋದ ಗುರುತು ಅಚ್ಚೊತ್ತಿದಂತೆ ನಿಂತಿರುತ್ತದೆ. “ಅಜ್ಜಾ, ಇದು ಯಾರ ಹೆಜ್ಜಿ?” ಎಂಬ ಪ್ರಶ್ನೆ ಆ ಹೊಲಗಳಲ್ಲಿ ಎಷ್ಟು ತಲೆಮಾರುಗಳಿಂದ ಕೇಳಿಬಂದಿದೆಯೋ ಹೇಳುವಂತಿಲ್ಲ.

ಪ್ರಶ್ನೆ ಮಕ್ಕಳದಾದರೂ ಅದರ ಉತ್ತರ ಮಕ್ಕಳಾಟವಲ್ಲ. ನಾಯಿಯ ಹೆಜ್ಜೆಯನ್ನು ತೋಳದ್ದೆಂದು ಬಗೆದರೆ ಕಾಡಿನ ಒಂದು ಜೀವಕ್ಕೆ ಕುತ್ತು ಬಂದೀತು. ತೋಳದ ಹೆಜ್ಜೆಯನ್ನು ನಾಯಿಯದೆಂದು ಬಗೆದರೆ ಕುರಿ ಕಳೆದುಕೊಂಡ ಬಡವನಿಗೆ ಸಲ್ಲಬೇಕಾದ ಪರಿಹಾರ ತಪ್ಪೀತು. ಹೆಜ್ಜೆ ಸುಳ್ಳು ಹೇಳುವುದಿಲ್ಲ ಎಂಬುದು ಲೋಕದ ನಂಬಿಕೆ. ಆದರೆ ಹೆಜ್ಜೆಯನ್ನು ಓದುವವನು ಅದರ ಜೊತೆಗೆ ಹವೆಯನ್ನೂ ಓದದಿದ್ದರೆ ಎಷ್ಟು ದೊಡ್ಡ ಸುಳ್ಳುಗಳು ಹುಟ್ಟಿಕೊಳ್ಳಬಲ್ಲವೆಂಬುದಕ್ಕೆ ಒಳ್ಳೆಯ ನಿದರ್ಶನಗಳು ದೊರೆಯುವುದು ಹಿಮವಂತನ ನಾಡಿನಲ್ಲಿ.

ಜಿಡಗಾದ ಮಂದಿಗೆ ಹಿಮಪಾತದ ಅನುಭವವಿಲ್ಲ. ಅಲ್ಲಿ ಚಳಿಗಾಲದ ಕಡುಶೀತದ ರಾತ್ರಿಯಲ್ಲಿ ಉಷ್ಣಮಾಪಕದ ಪಾದರಸ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದರೆ ಊರೆಲ್ಲ ಬೆಂಕಿ ಕಾಯಿಸತೊಡಗುತ್ತದೆ. ಭೂಪಟವನ್ನು ಹರಡಿ ಆಳಂದದಿಂದ ಹೆಚ್ಚುಕಡಮೆ ನೇರವಾಗಿ ಉತ್ತರಕ್ಕೆ ಒಂದು ಗೆರೆ ಎಳೆದರೆ, ಸುಮಾರು ಸಾವಿರದ ಆರುನೂರು ಕಿಲೋಮೀಟರುಗಳ ಆಚೆ ಅದು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಸಮೀಪಕ್ಕೆ ಮುಟ್ಟುತ್ತದೆ. ಅಲ್ಲಿಯ ಕಿಬ್ಬರ್ ಎಂಬ ಗ್ರಾಮ ಸಮುದ್ರಮಟ್ಟದಿಂದ 4,200 ಮೀಟರಿಗೂ ಮೇಲಿದೆ. ಚಳಿಗಾಲದಲ್ಲಿ ಅಲ್ಲಿಯ ಶೀತ ಶೂನ್ಯಕ್ಕಿಂತ 25 ಡಿಗ್ರಿ ಕೆಳಗೆ ಇಳಿಯುವುದುಂಟು. ಇಲ್ಲಿ ಎರೆಮಣ್ಣು ಮಾಡುವ ಕೆಲಸವನ್ನು ಅಲ್ಲಿ ಹಿಮ ಮಾಡುತ್ತದೆ.

ಬಿಳಿಯ ಹಾಳೆ

ರಾತ್ರಿಯೆಲ್ಲ ಹಿಮ ಸುರಿದು ಬೆಳಗಾದಾಗ ಪರ್ವತದ ಇಳಿಜಾರು ಏನೂ ಬರೆಯದ ಹಾಳೆಯಂತಿರುತ್ತದೆ. ಹಿಂದಿನ ದಿನದ ಬರಹವೆಲ್ಲ ಅಳಿಸಿಹೋಗಿ, ಅನಂತರ ನಡೆದದ್ದು ಮಾತ್ರ ಅದರ ಮೇಲೆ ಮೂಡುತ್ತದೆ. ಹಿಮ ಯಾವಾಗ ನಿಂತಿತೆಂಬುದನ್ನು ಬಲ್ಲವನಿಗೆ ಹೆಜ್ಜೆ ಎಷ್ಟು ಹೊತ್ತಿನದೆಂಬುದೂ ತಾನಾಗಿಯೇ ತಿಳಿಯುತ್ತದೆ. ಅಂಚು ಹರಿತವಾಗಿದ್ದರೆ ಪ್ರಾಣಿ ಇದೀಗ ಹೋದದ್ದು. ಹೆಜ್ಜೆಯ ಗುಳಿಯೊಳಗೆ ಹೊಸ ಹಿಮದ ಪುಡಿ ತುಂಬಿದ್ದರೆ ಅದು ಹಿಮಪಾತ ನಿಲ್ಲುವ ಮುನ್ನವೇ ದಾಟಿಹೋಯಿತು. ಗುಳಿಯ ತಳ ಬೆರಳಿಗೆ ಗಟ್ಟಿಯಾಗಿ ತಾಗಿದರೆ ಕೆಲವು ಗಂಟೆಗಳಾದರೂ ಸಂದಿವೆ. ಏಕೆಂದರೆ ಭಾರಕ್ಕೆ ಅದುಮಿದ ಹಿಮದ ಕಣಗಳು ಹೊತ್ತು ಕಳೆದಂತೆ ಒಂದಕ್ಕೊಂದು ಬೆಸೆದುಕೊಂಡು ಬಿಗಿಯಾಗುತ್ತವೆ.

ಪ್ರತಿಯೊಂದು ಪ್ರಾಣಿಗೂ ಅದರದೇ ಅಕ್ಷರವುಂಟು. ಬೆಕ್ಕಿನ ಕುಲದವು ನಡೆಯುವಾಗ ಉಗುರುಗಳನ್ನು ಒಳಗೆ ಸೆಳೆದುಕೊಳ್ಳುವುದರಿಂದ ಅವುಗಳ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಕಾಣುವುದಿಲ್ಲ. ನಾಯಿಯ ಕುಲದವುಗಳಲ್ಲಿ ಬೆರಳ ತುದಿಗೆ ಉಗುರಿನ ಚುಕ್ಕೆ ಇದ್ದೇ ಇರುತ್ತದೆ. ಹಿಮಚಿರತೆಯ ಪಾದ ಅದರ ಮೈಕಟ್ಟಿಗೆ ಹೋಲಿಸಿದರೆ ಬಹು ಅಗಲ. ಅಂಗಾಲಿನಲ್ಲಿಯೂ ರೋಮ ಬೆಳೆದಿರುವುದರಿಂದ ಅದು ಮೆದು ಹಿಮದಲ್ಲಿ ಹೂತುಹೋಗದೆ ತೇಲಿದಂತೆ ನಡೆಯಬಲ್ಲದು. ಹೆಚ್ಚುಕಡಮೆ ಒಂದು ಮೀಟರು ಉದ್ದದ ಅದರ ದಪ್ಪ ಬಾಲ ಒಮ್ಮೊಮ್ಮೆ ಹಿಮವನ್ನು ಸವರಿ, ಹೆಜ್ಜೆಗಳ ಸಾಲಿನ ನಡುವೆ ಒಂದು ಗೆರೆಯನ್ನು ಬಿಡುತ್ತದೆ. ತೋಳ ತನ್ನ ಮುಂಗಾಲು ಊರಿದ ಗುಳಿಯಲ್ಲಿಯೇ ಹಿಂಗಾಲನ್ನೂ ಊರುತ್ತದೆ. ಇದರಿಂದ ಪ್ರತಿ ಹೆಜ್ಜೆಗೂ ಹೊಸ ಹಿಮವನ್ನು ತುಳಿಯುವ ಶ್ರಮ ಉಳಿಯುತ್ತದೆ. ಹಲವು ತೋಳಗಳು ಒಂದರ ಹಿಂದೊಂದು ಹೋದರೂ ನೋಡುವವನಿಗೆ ಒಂದೇ ತೋಳ ಹೋದಂತೆ ತೋರುವುದುಂಟು.

ಮೊಲದ ಹೆಜ್ಜೆಯಂತೂ ಹೊಸಬರಿಗೆ ಒಗಟು. ಅದು ನೆಗೆಯುವಾಗ ಉದ್ದನೆಯ ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದೆ ಬಂದು ಬೀಳುತ್ತವೆ. ದೊಡ್ಡ ಗುರುತು ಹಿಂದಿನದು, ಸಣ್ಣದು ಮುಂದಿನದು ಎಂದು ಭಾವಿಸಿ ಹೊರಟವನು ಮೊಲ ಬಂದ ದಾರಿಯನ್ನೇ ಹಿಡಿದು, ಅದಕ್ಕೆ ಬೆನ್ನು ಹಾಕಿ ನಡೆದಾನು.

ಹೆಜ್ಜೆ ಇಲ್ಲದಿರುವುದೂ ಒಂದು ವರ್ತಮಾನವೇ. ಅಳಿಲಿನ ಬಂಧುವಾದ ಮಾರ್ಮೊಟ್ ಮತ್ತು ಹಿಮಾಲಯದ ಕಂದು ಕರಡಿ ಚಳಿಗಾಲವನ್ನು ಬಿಲ, ಗುಹೆಗಳಲ್ಲಿ ನಿದ್ರೆಯಲ್ಲಿಯೇ ಕಳೆಯುತ್ತವೆ. ಬೇಸಗೆಯಲ್ಲಿ ಅವುಗಳ ಓಡಾಟದಿಂದ ತುಂಬಿದ್ದ ಇಳಿಜಾರು ಆಗ ಮೂಕವಾಗಿರುತ್ತದೆ. ಭರಲ್ ಎಂಬ ನೀಲಿ ಕುರಿ, ಐಬೆಕ್ಸ್ ಎಂಬ ಕಾಡುಮೇಕೆಗಳಿಗೆ ಅಂಥ ನಿದ್ರೆಯ ಸೌಭಾಗ್ಯವಿಲ್ಲ. ಹಿಮದ ಕೆಳಗೆ ಹುಲ್ಲು ಹೂತುಹೋದಾಗ ಗಾಳಿ ಗುಡಿಸಿದ ಬರಿಯ ಬಂಡೆಗಳನ್ನೂ ಕೆಳಗಿನ ಇಳಿಜಾರುಗಳನ್ನೂ ಅವು ಆಶ್ರಯಿಸುತ್ತವೆ. ಅವುಗಳ ಬೆನ್ನು ಹತ್ತಿ ಹಿಮಚಿರತೆಯೂ ಕೆಳಗಿಳಿಯುತ್ತದೆ. ಕೆಳಗಿರುವುದು ಮನುಷ್ಯನ ಊರು, ಅವನ ದನಕುರಿಗಳ ಕೊಟ್ಟಿಗೆ.

ಬಿಸಿಲು ಸೃಷ್ಟಿಸಿದ ರಾಕ್ಷಸ

ಹಿಮದ ಹಾಳೆಗೆ ಒಂದು ದೋಷವಿದೆ. ಅದರ ಮೇಲಿನ ಬರಹವನ್ನು ಬಿಸಿಲು ತಿದ್ದುತ್ತದೆ. ಹೆಜ್ಜೆಯ ಅಂಚುಗಳು ಕರಗಿ ಗುಳಿ ಎಲ್ಲ ಕಡೆಗೂ ಹಿಗ್ಗುತ್ತದೆ. ಬೆರಳುಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಮುಂಗಾಲು ಹಿಂಗಾಲುಗಳ ಗುರುತುಗಳು ಕೂಡಿ ಒಂದೇ ನೀಳವಾದ ಪಾದದಂತಾಗುತ್ತವೆ. ರಾತ್ರಿಯ ಶೀತಕ್ಕೆ ಅದು ಹಾಗೆಯೇ ಹೆಪ್ಪುಗಟ್ಟಿ, ಮರುದಿನ ನೋಡಿದವನಿಗೆ ಯಾವ ಪ್ರಾಣಿಯದೂ ಅಲ್ಲದ ಪಾದವೊಂದು ಎದುರಾಗುತ್ತದೆ. ಗಾಳಿಯ ಕೈವಾಡ ಇನ್ನೊಂದು ಬಗೆಯದು. ಅದು ಸುತ್ತಲಿನ ಸಡಿಲ ಹಿಮವನ್ನು ಹಾರಿಸಿಬಿಟ್ಟರೆ, ತುಳಿತಕ್ಕೆ ಗಟ್ಟಿಯಾದ ಹೆಜ್ಜೆ ಗುಳಿಯಾಗಿರುವ ಬದಲು ಪೀಠದಂತೆ ಮೇಲೆದ್ದು ನಿಲ್ಲುತ್ತದೆ.

1921ರಲ್ಲಿ ಎವರೆಸ್ಟಿನ ದಾರಿ ಹುಡುಕಲು ಹೋದ ಬ್ರಿಟಿಷ್ ತಂಡದ ನಾಯಕ ಹೋವರ್ಡ್-ಬರಿ, ಆರು ಸಾವಿರ ಮೀಟರಿಗೂ ಮೇಲಿನ ಲ್ಹಾಕ್‌ಪಾ ಲಾ ಎಂಬ ಕಣಿವೆದಾರಿಯಲ್ಲಿ ಮನುಷ್ಯನ ಬರಿಗಾಲಿನಂಥ ಹೆಜ್ಜೆಗಳನ್ನು ಕಂಡ. ಜೊತೆಗಿದ್ದ ಹಮಾಲಿಗಳು ಅವು ಹಿಮದ ಕಾಡುಮನುಷ್ಯನವೆಂದರು. ಅವನ ಅಭಿಪ್ರಾಯ ಬೇರೆಯಾಗಿತ್ತು: ದಾಪುಗಾಲಿಡುತ್ತ ಹೋದ ಬೂದುತೋಳದ ಹೆಜ್ಜೆಗಳು ಮೆದು ಹಿಮದಲ್ಲಿ ಇಮ್ಮಡಿಯಾಗಿ ಹಾಗೆ ತೋರಿರಬೇಕೆಂದು ಅವನು ಬರೆದ. ಆದರೆ ತೋಳದ ಸುದ್ದಿ ಯಾರಿಗೆ ಬೇಕು? ಪತ್ರಿಕೆಗಳ ಮೂಲಕ ಲೋಕಕ್ಕೆ ಹರಡಿದ್ದು ಕಾಡುಮನುಷ್ಯನ ಕಥೆಯೇ. ಮೂವತ್ತು ವರ್ಷಗಳ ಅನಂತರ, 1951ರ ನವೆಂಬರಿನಲ್ಲಿ, ಎರಿಕ್ ಶಿಪ್ಟನ್ ಮೆನ್‌ಲುಂಗ್ ಹಿಮನದಿಯ ಮೇಲೆ ಕಂಡ ಒಂದು ಹೆಜ್ಜೆಯ ಪಕ್ಕದಲ್ಲಿ ಹಿಮಗೊಡಲಿಯನ್ನಿಟ್ಟು ಛಾಯಾಚಿತ್ರ ತೆಗೆದಾಗ, ಯೇತಿಯ ಹೆಸರು ಮನೆಮನೆಯ ಮಾತಾಯಿತು. 2019ರ ಏಪ್ರಿಲಿನಲ್ಲಿಯೂ ಮಕಾಲು ಶಿಖರದ ಬುಡದ ಹಿಮದಲ್ಲಿ 32 ಅಂಗುಲ ಉದ್ದದ ಹೆಜ್ಜೆಗಳು ಕಂಡವೆಂದು ಭಾರತೀಯ ಸೇನೆ ಚಿತ್ರಗಳನ್ನು ಪ್ರಕಟಿಸಿದಾಗ ಹಳೆಯ ಕುತೂಹಲ ಮತ್ತೆ ಕೆರಳಿತು.

ಅಷ್ಟರಲ್ಲಿ ವಿಜ್ಞಾನ ತನ್ನ ಮಾತನ್ನು ಹೇಳಿಯಾಗಿತ್ತು. ಯೇತಿಯವೆಂದು ಮಠಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಕಾಪಾಡಿಕೊಂಡು ಬಂದಿದ್ದ ಎಲುಬು, ಚರ್ಮ, ಕೂದಲುಗಳ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷೆಯ ಫಲ 2017ರಲ್ಲಿ ಪ್ರಕಟವಾಯಿತು. ಒಂಬತ್ತರಲ್ಲಿ ಎಂಟು ಕರಡಿಯವು. ಉಳಿದ ಒಂದು ನಾಯಿಯದು. ಐದು ಬೆರಳುಗಳನ್ನೂ ಇಡೀ ಅಂಗಾಲನ್ನೂ ಮನುಷ್ಯನಂತೆಯೇ ನೆಲಕ್ಕೂರುವ ಕರಡಿಯ ಹೆಜ್ಜೆಯನ್ನು ಬಿಸಿಲು ಹಿಗ್ಗಿಸಿದರೆ ರಾಕ್ಷಸ ಸಿದ್ಧನಾಗಲು ತಡವೇನು?

ಕಿಬ್ಬರಿನ ಕೊಟ್ಟಿಗೆಗಳು

ಯೇತಿಯ ತಪ್ಪಿನಿಂದ ಯಾರಿಗೂ ಹೆಚ್ಚಿನ ಹಾನಿಯಾಗಲಿಲ್ಲ. ಹಿಮಚಿರತೆಯ ವಿಷಯ ಹಾಗಲ್ಲ. ಈ ಪ್ರಾಣಿಯನ್ನು ಕಣ್ಣಾರೆ ಕಂಡವರು ವಿರಳ. ಅಮೆರಿಕದ ಲೇಖಕ ಪೀಟರ್ ಮ್ಯಾಥಿಸನ್ 1973ರಲ್ಲಿ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾಲರ್ ಜೊತೆಯಲ್ಲಿ ನೇಪಾಳದ ದೋಲ್ಪಾ ಸೀಮೆಗೆ ವಾರಗಟ್ಟಲೆ ನಡೆದು ಹೋದ. ಅವನಿಗೆ ದೊರೆತದ್ದು ಹೆಜ್ಜೆ ಹಿಕ್ಕೆಗಳ ದರ್ಶನ ಮಾತ್ರ. ಆದರೂ ಅವನು ಬರೆದ ಪುಸ್ತಕಕ್ಕೆ ಆ ಕಾಣದ ಪ್ರಾಣಿಯ ಹೆಸರನ್ನೇ ಇಟ್ಟ.

ಇಂಥ ಪ್ರಾಣಿಯ ಅಧ್ಯಯನದ ಒಂದು ಕೇಂದ್ರ ಮಂಜಿನ ಮಲೆಗಳಿಂದ ಬಹುದೂರದ ಮೈಸೂರಿನಲ್ಲಿದೆಯೆಂದರೆ ಅನೇಕರಿಗೆ ಅಚ್ಚರಿಯಾದೀತು. 1996ರಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಅಲ್ಲಿಯೇ. ಅದರ ಸಂಸ್ಥಾಪಕರಲ್ಲೊಬ್ಬರಾದ ಚಾರುದತ್ತ ಮಿಶ್ರಾ 1990ರ ದಶಕದಲ್ಲಿ ಕಿಬ್ಬರಿನ ಸುತ್ತಲಿನ ಮೂರು ಹಳ್ಳಿಗಳ 80 ಮನೆಗಳಲ್ಲಿ ವಿಚಾರಿಸಿ ತಿಳಿದ ಸಂಗತಿಗಳು ಕಣ್ಣು ತೆರೆಸುವಂಥವು. ಹದಿನೆಂಟು ತಿಂಗಳುಗಳಲ್ಲಿ 189 ಸಾಕುಪ್ರಾಣಿಗಳನ್ನು ಹಿಮಚಿರತೆಯೂ ತೋಳವೂ ಕೊಂದವೆಂದು ಜನರು ಲೆಕ್ಕ ಕೊಟ್ಟರು. ಎಂದರೆ ಅವರಲ್ಲಿದ್ದ ಒಟ್ಟು ಜಾನುವಾರುಗಳ ನೂರಕ್ಕೆ 18 ಭಾಗ. ಸರ್ಕಾರದಿಂದ ಬಂದ ಪರಿಹಾರವಾದರೋ, ಜನ ಹೇಳಿದ ನಷ್ಟದ ನೂರಕ್ಕೆ ಮೂರು ಭಾಗ ಮಾತ್ರ.

ಈ ಅಂಕಿಗಳ ಹಿಂದಿರುವುದು ಒಂದು ಕುಟುಂಬದ ಬೆಳಗು. ರಾತ್ರಿ ಹಿಮ ಬಿದ್ದಿದೆ. ಮನೆಯೊಡತಿ ಕೊಟ್ಟಿಗೆಯ ಬಾಗಿಲು ತೆರೆದರೆ ಒಳಗೆ ಸದ್ದಿಲ್ಲ. ಗೋಡೆಯಿಂದ ಹೊರಟ ಹೆಜ್ಜೆಗಳ ಸಾಲು ಬಂಡೆಗಳ ಕಡೆಗೆ ಸಾಗಿದೆ. ವರ್ಷದ ಗಳಿಕೆ ಒಂದೇ ರಾತ್ರಿಯಲ್ಲಿ ಹೋದಾಗ ಆ ಹೆಜ್ಜೆಗಳನ್ನು ಹಿಂಬಾಲಿಸಿ ಹೋಗಿ ಸೇಡು ತೀರಿಸಿಕೊಳ್ಳಬೇಕೆಂದು ಅನ್ನಿಸುವುದು ಮನುಷ್ಯ ಸಹಜ. ಆ ಹಳ್ಳಿಗಳಲ್ಲಿ ತೋಳಗಳನ್ನು ಕೊಲ್ಲುತ್ತಿದ್ದರೆಂದೂ ಮಿಶ್ರಾ ದಾಖಲಿಸಿದರು. ಹಿಮದ ಮೇಲೆ ಸ್ಪಷ್ಟವಾಗಿ ಮೂಡಿದ ಹೆಜ್ಜೆಯೇ ಪ್ರಾಣಿಗೆ ಮೃತ್ಯುವಿನ ಓಲೆಯಾಗುವ ಸಂದರ್ಭ ಅದು.

ಬರಿಯ ಉಪದೇಶದಿಂದ ಇದಕ್ಕೆ ಪರಿಹಾರ ದೊರೆಯುವಂತಿರಲಿಲ್ಲ. ಕಿಬ್ಬರಿನ ಜನರೂ ಸಂಶೋಧಕರೂ ಕೂಡಿ 2002ರಲ್ಲಿ ಜಾನುವಾರುಗಳಿಗೆ ವಿಮೆಯ ಏರ್ಪಾಟೊಂದನ್ನು ಆರಂಭಿಸಿದರು. ಮಾಲೀಕರು ಕಂತು ಕಟ್ಟುವುದು, ಸತ್ತ ಪ್ರಾಣಿಯ ವಿಚಾರಣೆಯನ್ನು ಊರವರ ಸಮಿತಿಯೇ ನಡೆಸುವುದು, ನಷ್ಟವಾದವನಿಗೆ ಹಣ ಸಲ್ಲಿಸುವುದು. ನೆರೆಹೊರೆಯವರೇ ಪರೀಕ್ಷಕರಾದುದರಿಂದ ಸುಳ್ಳು ಹೇಳುವುದು ಸುಲಭವಲ್ಲ. ಹಳ್ಳಿಯ ಹುಲ್ಲುಗಾವಲಿನ ಒಂದು ಭಾಗದಲ್ಲಿ ದನಕುರಿಗಳನ್ನು ಮೇಯಿಸದೆ ನೀಲಿ ಕುರಿಗಳಿಗೆಂದು ಬಿಟ್ಟುಕೊಟ್ಟದ್ದರಿಂದ ಅವುಗಳ ಸಂಖ್ಯೆಯೂ ಹೆಚ್ಚಿತು. ಕಾಡಿನ ಆಹಾರ ಹೆಚ್ಚಿದರೆ ಕೊಟ್ಟಿಗೆಯ ಮೇಲಿನ ಕಣ್ಣು ತುಸುವಾದರೂ ತಿರುಗೀತೆಂಬ ಆಸೆ. ಮಿಶ್ರಾ ಅವರಿಗೆ 2005ರಲ್ಲಿ ವಿಟ್ಲಿ ಪ್ರಶಸ್ತಿ, 2022ರಲ್ಲಿ ಅದೇ ಸಂಸ್ಥೆಯ ಸ್ವರ್ಣ ಪ್ರಶಸ್ತಿ ದೊರೆತವು.

ಎಣಿಕೆಯ ಎಡವಟ್ಟು

ಹೆಜ್ಜೆಯನ್ನು ನೋಡಿ ಪ್ರಾಣಿ ಇದೆ ಎನ್ನಬಹುದು. ಎಷ್ಟು ಇವೆ ಎನ್ನಬಹುದೆ? ಈ ಪ್ರಶ್ನೆಗೆ ಭಾರತ ತೆತ್ತ ಬೆಲೆ ಸಣ್ಣದಲ್ಲ. 1972ರ ಮೊದಲ ದೇಶವ್ಯಾಪಿ ಹುಲಿಗಣತಿ ನಡೆದದ್ದು ಹೆಜ್ಜೆಗಳ ಆಧಾರದ ಮೇಲೆ. ಆಗ ಸಿಕ್ಕ ಸಂಖ್ಯೆ 1,827. ಹೆಜ್ಜೆಯ ಮೇಲೆ ಗಾಜನ್ನಿಟ್ಟು ಗೆರೆ ಎಳೆದು, ಗಾರೆಯಲ್ಲಿ ಅಚ್ಚು ತೆಗೆದು, ಒಂದೊಂದು ಹುಲಿಯನ್ನೂ ಅದರ ಪಾದದಿಂದಲೇ ಗುರುತಿಸಬಹುದೆಂಬ ನಂಬಿಕೆ ಮುಂದೆಯೂ ದಶಕಗಟ್ಟಲೆ ನಡೆದುಬಂತು. ಆದರೆ ಒಂದೇ ಹುಲಿ ಕೆಸರಿನಲ್ಲಿ, ಮರಳಿನಲ್ಲಿ, ಹುಡಿಯಲ್ಲಿ ಮೂರು ಬಗೆಯ ಹೆಜ್ಜೆಗಳನ್ನು ಮೂಡಿಸುತ್ತದೆ. ಮಳೆ ಬಂದರೆ ನಾಲ್ಕನೆಯದು. ಹಿಮದಲ್ಲಿ ಬಿಸಿಲು ಮಾಡಿದ ಮೋಸವನ್ನೇ ಇಲ್ಲಿ ಮಣ್ಣು ಮಾಡಿತು.

ಈ ಪದ್ಧತಿಯನ್ನು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಪ್ರಮುಖರು ಕನ್ನಡಿಗರೇ ಆದ ಕೆ. ಉಲ್ಲಾಸ ಕಾರಂತರು. ಕೋಟ ಶಿವರಾಮ ಕಾರಂತರ ಪುತ್ರರಾದ ಅವರು 1990ರ ದಶಕದ ಮೊದಲಲ್ಲಿ ನಾಗರಹೊಳೆಯ ಕಾಡುದಾರಿಗಳಲ್ಲಿ, ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಹೂಡಿ, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸುವ ಕ್ರಮವನ್ನು ಬಳಕೆಗೆ ತಂದರು. ಹೆಜ್ಜೆಗಣತಿಯ ಪಟ್ಟಿಯಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬ ಸತ್ಯ 2005ರಲ್ಲಿ ಬಯಲಾದಾಗ ದೇಶ ಬೆಚ್ಚಿಬಿದ್ದಿತು. ಕಳ್ಳಬೇಟೆಗಾರರು ಕೊಂದು ಮುಗಿಸಿದ್ದರೂ ಕಾಗದದ ಮೇಲೆ ಹುಲಿಗಳು ಬದುಕಿಯೇ ಇದ್ದವು. 2006ರ ಗಣತಿಯಲ್ಲಿ ಹೊಸ ಕ್ರಮವನ್ನು ಅನುಸರಿಸಿದಾಗ ದೇಶದ ಅಂದಾಜು 1,411ಕ್ಕೆ ಇಳಿಯಿತು.

ಹಿಮಚಿರತೆಯ ವಿಷಯದಲ್ಲಿ ಈ ಪಾಠ ವ್ಯರ್ಥವಾಗಲಿಲ್ಲ. 2019ರಿಂದ 2023ರವರೆಗೆ ನಡೆದ ಭಾರತದ ಮೊದಲ ಸಮಗ್ರ ಹಿಮಚಿರತೆ ಗಣತಿಯಲ್ಲಿ ಹೆಜ್ಜೆಗೂ ಕ್ಯಾಮೆರಾಕ್ಕೂ ಅದರದರ ಕೆಲಸ ಹಂಚಿಹೋಯಿತು. ಭಾರತೀಯ ವನ್ಯಜೀವಿ ಸಂಸ್ಥೆಯ ನೇತೃತ್ವದಲ್ಲಿ, ಮೈಸೂರಿನ ಸಂಸ್ಥೆಯೂ ಸೇರಿದಂತೆ ಹಲವರ ಸಹಕಾರದಿಂದ, 13,450 ಕಿಲೋಮೀಟರು ದಾರಿಯನ್ನು ನಡೆದು ಹೆಜ್ಜೆ, ಹಿಕ್ಕೆ, ಕೆರೆದ ಗುರುತುಗಳನ್ನು ಹುಡುಕಲಾಯಿತು. ಪ್ರಾಣಿ ಎಲ್ಲೆಲ್ಲಿ ಇದೆಯೆಂದು ಹೇಳಿದ್ದು ಇವು. 1,971 ಸ್ಥಳಗಳಲ್ಲಿ ಹೂಡಿದ ಕ್ಯಾಮೆರಾಗಳು 241 ಬೇರೆ ಬೇರೆ ಹಿಮಚಿರತೆಗಳನ್ನು ಅವುಗಳ ಮೈಮೇಲಿನ ಮಚ್ಚೆಗಳಿಂದ ಗುರುತಿಸಿಕೊಟ್ಟವು. ಇವೆರಡನ್ನೂ ಕೂಡಿಸಿ ಅಂದಾಜು ಮಾಡಿದ ಸಂಖ್ಯೆ 718 ಎಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಅದರಲ್ಲಿ ಲಡಾಖಿನ ಪಾಲೇ 477. ಸ್ಪಿತಿ ಕಣಿವೆಯಿರುವ ಹಿಮಾಚಲದ ಪಾಲು 51.

ಮರಳಿ ಎರೆಭೂಮಿಗೆ

ಈ ದೂರದ ಕಥೆಯಿಂದ ಜಿಡಗಾದ ಹೊಲಕ್ಕೆ ಆಗಬೇಕಾದದ್ದೇನು ಎಂದು ಕೇಳಬಹುದು. ದಖ್ಖನಿನ ಬಯಲುನಾಡಿಗೂ ಅದರದೇ ಬೇಟೆಗಾರನುಂಟು: ಬೂದುಬಣ್ಣದ ಭಾರತೀಯ ತೋಳ. 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯ ರಕ್ಷಣೆ ಅದಕ್ಕಿದೆ. ಕಲಬುರಗಿ ಜಿಲ್ಲೆಯಲ್ಲಿಯೇ, 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮದಲ್ಲಿ ತೋಳವೂ ಕತ್ತೆಕಿರುಬವೂ ಇವೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಾಗಿದೆ. ಆದರೆ ತೋಳಕ್ಕೆ ಧಾಮದ ಗಡಿ ತಿಳಿಯದು. ಚಿಗರಿ, ಮೊಲಗಳಿರುವ ಕುರುಚಲು ಬಯಲೂ ಕುರಿಗಳ ಹಿಂಡು ಸುತ್ತುವ ಹೊಲವೂ ಅದರ ಸಂಸಾರದ ನೆಲ.

ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಗಳನ್ನು ನಿಲ್ಲಿಸಿಕೊಳ್ಳುವುದು ಈ ಸೀಮೆಯ ಹಳೆಯ ರೂಢಿ. ಕುರಿಗಾಹಿ ಕಂಬಳಿ ಹೊದ್ದು ಹಿಂಡಿನ ಪಕ್ಕದಲ್ಲಿಯೇ ಮಲಗುತ್ತಾನೆ. ಬೆಳಗ್ಗೆ ಎದ್ದಾಗ ಮರಿಯೊಂದು ಇಲ್ಲವಾದರೆ ಅವನ ನಾಲಿಗೆಗೆ ಮೊದಲು ಬರುವ ಹೆಸರು ತೋಳದ್ದು. ಊರೂರಿನ ಸುತ್ತ ಬೀದಿನಾಯಿಗಳ ಗುಂಪುಗಳು ಬೆಳೆದಿರುವ ಈ ಕಾಲದಲ್ಲಿ ಆ ಹೆಸರು ಪ್ರತಿ ಸಲವೂ ನಿಜವಾಗಿರಬೇಕೆಂದಿಲ್ಲ. ಎರಡರ ಹೆಜ್ಜೆಯೂ ಒಂದೇ ರೂಪದ್ದು. ಒಂದೇ ಒಂದು ಹೆಜ್ಜೆಯನ್ನು ನೋಡಿ ತೀರ್ಪು ಕೊಡುವುದು ಅನುಭವಿಗಳಿಗೂ ಕಷ್ಟ. ಸಾಲನ್ನು ಹಿಡಿದು ನೂರು ಮಾರು ನಡೆದರೆ ಮಾತ್ರ ನಡೆಯುವವನ ಸ್ವಭಾವ ಗೊತ್ತಾಗುತ್ತದೆ. ತೋಳ ಕೆಲಸವಿದ್ದವನಂತೆ ನೇರವಾಗಿ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೋಗುತ್ತದೆ. ಊರನಾಯಿ ಅತ್ತ ಮೂಸಿ, ಇತ್ತ ತಿರುಗಿ, ಬಿಡುವಿನಲ್ಲಿ ಅಡ್ಡಾಡುವವನಂತೆ ಸಾಗುತ್ತದೆ.

ಈ ವ್ಯತ್ಯಾಸದ ಮೇಲೆ ಎಷ್ಟೊಂದು ನಿಂತಿದೆ! ವನ್ಯಪ್ರಾಣಿಯ ಬೇಟೆಯೆಂದು ಖಚಿತವಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಖಚಿತಪಡಿಸುವ ಮೊದಲೇ ಸಿಟ್ಟಿನಿಂದ ಸತ್ತ ಕುರಿಗೆ ವಿಷ ಹಾಕಿದರೆ ತೋಳದ ಕುಟುಂಬವೇ ಅಳಿದುಹೋದೀತು. ಆ ಅಪರಾಧವನ್ನು ಅದು ಮಾಡಿಯೇ ಇರಲಿಲ್ಲವೆಂಬುದು ಆಮೇಲೆ ತಿಳಿದರೂ ಫಲವಿಲ್ಲ. 1921ರಲ್ಲಿ ಹಿಮದ ಕಣಿವೆದಾರಿಯಲ್ಲಿ ತೋಳದ ಹೆಜ್ಜೆ ರಾಕ್ಷಸನದಾಯಿತು. ಎರೆಯ ಹೊಲದಲ್ಲಿ ನಾಯಿಯ ಹೆಜ್ಜೆ ತೋಳದ್ದಾಗುತ್ತದೆ. ಎರಡು ಕಡೆಯೂ ಎಡವಿದ್ದು ಓದುವವರ ಅವಸರ.

ಹಿಮದ ಬರಹಕ್ಕೆ ಬಿಸಿಲೇರುವವರೆಗೆ ಆಯುಷ್ಯ. ಎರೆಯ ಬರಹಕ್ಕೂ ಬಹಳ ದಿನಗಳಿಲ್ಲ. ಸಂಕ್ರಾಂತಿ ಕಳೆದು ನೆಲದ ಹಸಿ ಆರುತ್ತ ಬಂದಂತೆ ಎರೆಭೂಮಿ ಬಿರಿಯತೊಡಗುತ್ತದೆ. ಹಳ್ಳದ ದಂಡೆಯ ಹೆಜ್ಜೆಗಳ ನಡುವೆ ಬಿರುಕುಗಳು ಹಾದು, ಬೆರಳು ಒಂದು ಹೆಂಟೆಯ ಮೇಲೆ, ಅಂಗಾಲು ಇನ್ನೊಂದು ಹೆಂಟೆಯ ಮೇಲೆ ಉಳಿದು, ಕಡೆಗೆ ಎಲ್ಲವೂ ಹುಡಿಯಾಗಿ ಗಾಳಿಗೆ ಹೋಗುತ್ತದೆ. ಅಷ್ಟರೊಳಗೆ ಎಳ್ಳಮಾವಾಸ್ಯೆಯ ಬೆಳಗಿನಲ್ಲಿ ಮೊಮ್ಮಗನೊಬ್ಬ ಕೇಳಿದ ಪ್ರಶ್ನೆಗೆ ಅಜ್ಜ ನಿಂತಲ್ಲಿಂದಲೇ ಉತ್ತರ ಕೊಡದೆ, ಮಗುವಿನ ಕೈಹಿಡಿದು ಹೆಜ್ಜೆಗಳ ಜೊತೆಯಲ್ಲಿ ತುಸು ದೂರ ನಡೆದು ನೋಡಿದರೆ ಸಾಕು.